ಬೆಟ್ಟದೊಳಗಿನ ಸುಣ್ಣಕಲ್ಲಿನ ಗುಹೆಗೆ ಹೋಗುವವರಿಗೆ ಒಂದು ಸಮಗ್ರ ಮಾರ್ಗದರ್ಶಿ

ಸುಣ್ಣಕಲ್ಲಿನ ಗುಹೆಯನ್ನು ಕೊರೆದದ್ದು ನೀರು. ಮಳೆನೀರು ಗಾಳಿಯಿಂದ ಅಷ್ಟಿಷ್ಟು, ಮಣ್ಣಿನಲ್ಲಿ ಕೊಳೆಯುವ ಎಲೆ-ಬೇರುಗಳಿಂದ ಇನ್ನೂ ಹೆಚ್ಚು ಕಾರ್ಬನ್ ಡೈಆಕ್ಸೈಡನ್ನು ಹೀರಿಕೊಂಡು ಸೌಮ್ಯವಾದ ಕಾರ್ಬಾನಿಕ್ ಆಮ್ಲವಾಗುತ್ತದೆ; ಬಂಡೆಯ ಬಿರುಕುಗಳಲ್ಲಿ ಇಳಿಯುತ್ತ ಅಲ್ಲಿನ ಕ್ಯಾಲ್ಸಿಯಂ ಕಾರ್ಬೊನೇಟನ್ನು ಕರಗಿಸಿಕೊಂಡು ಹೋಗುತ್ತದೆ; ಹೀಗೆ ಲಕ್ಷಾಂತರ ವರ್ಷಗಳಲ್ಲಿ ಕೂದಲೆಳೆಯಷ್ಟಿದ್ದ ಬಿರುಕು ಮನುಷ್ಯರು ನಡೆದಾಡಬಹುದಾದ ಸುರಂಗವಾಗುತ್ತದೆ. ಎಷ್ಟೋ ಗುಹೆಗಳಲ್ಲಿ ಈ ಕೆಲಸ ಇಂದಿಗೂ ನಡೆಯುತ್ತಿದೆ. ಆದ್ದರಿಂದ ಯಾವಾಗ ಹೋಗಬೇಕು, ಏನು ತೊಡಬೇಕು, ಎಲ್ಲಿ ಕಾಲಿಡಬೇಕು, ಏನನ್ನು ಮುಟ್ಟಬಾರದು ಎಂಬ ಪ್ರಶ್ನೆಗಳಲ್ಲಿ ಹೆಚ್ಚಿನವಕ್ಕೆ ಉತ್ತರ ಸಿಗುವುದು ಆ ಗುಹೆಯಲ್ಲಿ ನೀರು ಹೇಗೆ ವರ್ತಿಸುತ್ತದೆ ಎಂಬುದನ್ನು ತಿಳಿದಾಗಲೇ.

ಹಂತ 1: ಅದು ಯಾವ ಬಗೆಯ ಗುಹೆ ಎಂದು ತಿಳಿದುಕೊಳ್ಳಿ

ಗುಹೆಗಳಲ್ಲಿ ಸಂದರ್ಶಕರ ದೃಷ್ಟಿಯಿಂದ ಎರಡು ಬಗೆ. ಮೆಟ್ಟಿಲು, ಕಂಬಿ, ವಿದ್ಯುದ್ದೀಪಗಳಿರುವ, ಟಿಕೆಟ್ ಪಡೆದು ಒಳಹೋಗುವ ಪ್ರವಾಸಿ ಗುಹೆಗಳು ಒಂದು ಬಗೆ. ಏನೂ ಇಲ್ಲದ, ಬೆಳಕನ್ನೂ ದಾರಿಯ ಅರಿವನ್ನೂ ನಾವೇ ಹೊತ್ತೊಯ್ಯಬೇಕಾದ ಕಾಡುಗುಹೆಗಳು ಇನ್ನೊಂದು. ಆಂಧ್ರಪ್ರದೇಶದ ಅರಕು ಕಣಿವೆಯ ಬಳಿ ಅನಂತಗಿರಿ ಬೆಟ್ಟಗಳಲ್ಲಿರುವ ಬೊರ್ರಾ ಗುಹೆ ಮೊದಲ ಬಗೆಯದು. ಸ್ಲೊವೇನಿಯಾದ ಪೊಸ್ಟೊಯ್ನಾ ಗುಹೆಯಲ್ಲಂತೂ 1872ರಲ್ಲೇ ಪ್ರವಾಸಿಗರಿಗಾಗಿ ಹಳಿ ಹಾಕಲಾಗಿತ್ತು. ಮೇಘಾಲಯದ ಮಾವ್‌ಸ್ಮಾಯ್ ಗುಹೆಯಲ್ಲಿ ದೀಪಗಳ ಬೆಳಕಿನಲ್ಲಿ ಸ್ವಲ್ಪ ದೂರ ನಡೆದು ಹೊರಬರಬಹುದು. ಅದೇ ರಾಜ್ಯದ ಜೈಂತಿಯಾ ಬೆಟ್ಟಗಳಲ್ಲಿರುವ ಕ್ರೆಮ್ ಲಿಯಾಟ್ ಪ್ರಾಹ್ 30 ಕಿಲೋಮೀಟರಿಗೂ ಉದ್ದವಾದ ಕತ್ತಲಿನ ಜಾಲ. ಎರಡೂ ಸುಣ್ಣಕಲ್ಲಿನವೇ ಆದರೂ ಒಂದಕ್ಕೆ ಬೇಕಾದ ಸಿದ್ಧತೆಗೂ ಇನ್ನೊಂದಕ್ಕೆ ಬೇಕಾದ ಸಿದ್ಧತೆಗೂ ಹೋಲಿಕೆಯೇ ಇಲ್ಲ.

ಮೊದಲ ಸಲ ಹೋಗುವವರು ಪ್ರವಾಸಿ ಗುಹೆಯಿಂದಲೇ ಆರಂಭಿಸುವುದು ಒಳ್ಳೆಯದೆಂಬುದು ನನ್ನ ಖಚಿತ ಅಭಿಪ್ರಾಯ. ಕತ್ತಲು, ತೇವ, ಇಕ್ಕಟ್ಟು ತಮ್ಮ ಮನಸ್ಸಿಗೆ ಒಗ್ಗುತ್ತವೆಯೇ ಎಂಬುದು ಹೊರಬರುವ ದಾರಿ ಕಣ್ಣೆದುರಿಗೇ ಇರುವ ಕಡೆ ಗೊತ್ತಾಗುವುದು ಮೇಲು. ಹೋಗುವ ಮುನ್ನ ಮೆಟ್ಟಿಲುಗಳ ಸಂಖ್ಯೆಯನ್ನೂ ವಿಚಾರಿಸಿ. ಬೆಟ್ಟ ಹತ್ತುವಾಗ ಶ್ರಮ ಮೊದಲು ಬರುತ್ತದೆ, ಇಳಿಯುವಾಗ ಸುಲಭ. ಹಲವು ಗುಹೆಗಳಲ್ಲಿ ಇದು ತಿರುಗುಮುರುಗು: ಇಳಿಯುವ ಸಂಭ್ರಮ ಮೊದಲು, ಹತ್ತುವ ಕಷ್ಟ ಕೊನೆಗೆ. ಮಂಡಿನೋವು, ಹೃದಯದ ತೊಂದರೆ ಅಥವಾ ಉಬ್ಬಸವಿರುವವರು ಈ ಲೆಕ್ಕವನ್ನು ಬಾಗಿಲಲ್ಲೇ ಹಾಕಿಕೊಳ್ಳಬೇಕು.

ಹಂತ 2: ಮಳೆಯ ಲೆಕ್ಕ ಹಾಕಿ

ಈ ಬರಹದಲ್ಲಿ ಒಂದೇ ಭಾಗವನ್ನು ಓದುವ ವ್ಯವಧಾನವಿದ್ದರೆ ಇದನ್ನು ಓದಿ. ಸುಣ್ಣಕಲ್ಲಿನ ಬೆಟ್ಟದಲ್ಲಿ ಮೇಲ್ಮೈಯ ಹಳ್ಳಗಳು ಕಡಿಮೆ. ಬಿದ್ದ ಮಳೆ ಬಿರುಕುಗಳಲ್ಲಿ, ಕುಸಿದ ಗುಂಡಿಗಳಲ್ಲಿ ನೇರವಾಗಿ ಇಂಗಿ ಒಳಗಿನ ಸುರಂಗಗಳನ್ನು ಸೇರುತ್ತದೆ. ಗುಹೆಯ ಬಾಯಿಯಲ್ಲಿ ಬಿಸಿಲಿದ್ದರೂ ಕೆಲವು ಕಿಲೋಮೀಟರ್ ದೂರದ ದಿಣ್ಣೆಯ ಮೇಲೆ ಸುರಿದ ಮಳೆ ಸ್ವಲ್ಪ ಹೊತ್ತಿನ ಬಳಿಕ ಒಳಗಿದ್ದವರ ಕಾಲಬುಡಕ್ಕೆ ಬರಬಹುದು. ಆಗ ಆಕಾಶ ನೋಡಿ ಎಚ್ಚೆತ್ತುಕೊಳ್ಳೋಣವೆಂದರೆ ಒಳಗಿದ್ದವರಿಗೆ ಆಕಾಶವೇ ಕಾಣದು.

ಥಾಯ್ಲೆಂಡಿನ ಚಿಯಾಂಗ್ ರಾಯ್ ಪ್ರಾಂತದ ಥಾಮ್ ಲುವಾಂಗ್ ಗುಹೆಯಲ್ಲಿ 2018ರ ಜೂನ್ 23ರಂದು ಆದದ್ದು ಇದೇ. ಫುಟ್‌ಬಾಲ್ ತಂಡದ 12 ಹುಡುಗರು ತಮ್ಮ ತರಬೇತುದಾರನೊಂದಿಗೆ ಒಳಹೋದರು. ಮಳೆಯ ನೀರು ಏರಿ ಹಿಂದಿನ ದಾರಿ ಮುಚ್ಚಿತು. ಬಾಯಿಯಿಂದ ಸುಮಾರು 4 ಕಿಲೋಮೀಟರ್ ಒಳಗೆ ಅವರು ಜೀವಂತವಾಗಿರುವುದು ಜುಲೈ 2ರಂದು ಮುಳುಗುಗಾರರಿಗೆ ತಿಳಿಯಿತು, ಮತ್ತು ಜುಲೈ 8ರಿಂದ 10ರ ನಡುವೆ ಎಲ್ಲರನ್ನೂ ನೀರಿನಡಿಯಿಂದಲೇ ಹೊರತರಲಾಯಿತು. ಆ ಪ್ರಯತ್ನದಲ್ಲಿ ಥಾಯ್ ನೌಕಾಪಡೆಯ ಮಾಜಿ ಮುಳುಗುಗಾರ ಸಮನ್ ಕುನನ್ ಪ್ರಾಣ ಕಳೆದುಕೊಂಡರು. ಮಕ್ಕಳು ಹುಚ್ಚು ಸಾಹಸಕ್ಕೆ ಹೋದವರಾಗಿರಲಿಲ್ಲ. ಅದು ಅವರ ಊರಿನ ಪರಿಚಿತ ಗುಹೆಯೇ ಆಗಿತ್ತು. ಪರಿಚಯದ ಗುಹೆ ಎಂಬ ಧೈರ್ಯ ಮಳೆಗಾಲದಲ್ಲಿ ಕೆಲಸಕ್ಕೆ ಬಾರದು.

ಆದ್ದರಿಂದ ಹೀಗೆ ಮಾಡಿ. ಸಾಧ್ಯವಾದಷ್ಟೂ ಒಣ ಋತುವಿನ ನಡುವಿನ ದಿನಗಳನ್ನು ಆರಿಸಿಕೊಳ್ಳಿ. ಹವಾಮಾನ ಮುನ್ಸೂಚನೆಯನ್ನು ಗುಹೆಯಿರುವ ಜಾಗಕ್ಕೆ ಮಾತ್ರವಲ್ಲದೆ ಆ ಬೆಟ್ಟಸಾಲಿಗೆಲ್ಲ ಅನ್ವಯಿಸಿ ನೋಡಿ. ಹಿಂದಿನ ಕೆಲವು ದಿನಗಳಲ್ಲಿ ಮಳೆಯಾಗಿ ನೆಲ ನೀರುಂಡಿದ್ದರೆ ಸಣ್ಣ ಮಳೆಯೂ ಒಳಗೆ ದೊಡ್ಡದಾಗುತ್ತದೆ ಎಂಬುದನ್ನು ನೆನಪಿಡಿ. ಒಳಹೊಕ್ಕ ಮೇಲೆ ಗೋಡೆಗಳನ್ನು ಓದಿ. ತಲೆಗಿಂತ ಎತ್ತರದ ಬಿರುಕಿನಲ್ಲಿ ಸಿಕ್ಕಿಕೊಂಡ ಕಡ್ಡಿ, ತರಗೆಲೆ, ಚಾವಣಿಯ ಸಮೀಪ ಗೆರೆ ಎಳೆದಂತಿರುವ ಕೆಸರು, ಗೋಡೆಗೆ ಅಂಟಿ ಒಣಗಿದ ನೊರೆ ಕಂಡರೆ ನೀರು ಅಲ್ಲಿಯವರೆಗೆ ಏರುತ್ತದೆ ಎಂದೇ ಅರ್ಥ. ಅಂಥ ಜಾಗದಲ್ಲಿ ವಿಶ್ರಮಿಸಬೇಡಿ, ಮೋಡವಿದ್ದ ದಿನ ಅದನ್ನು ದಾಟಿ ಮುಂದೆ ಹೋಗಲೂಬೇಡಿ. ತಿಳಿಯಾಗಿ ಹರಿಯುತ್ತಿದ್ದ ನೀರು ಕದಡಿದರೆ, ಎಲೆ-ಕಡ್ಡಿ ತೇಲಿಬಂದರೆ, ದೂರದಲ್ಲಿ ಮೊರೆತದ ಸದ್ದು ಹೆಚ್ಚಿದರೆ ಚರ್ಚೆ ಮಾಡದೆ ಹೊರಡಿ. ದಾರಿಯಲ್ಲಿ ನೀರು ಈಗಾಗಲೇ ಏರಿದ್ದರೆ ಅದರೊಳಗೆ ಇಳಿಯದೆ, ನೆರೆಯ ಗುರುತಿಗಿಂತ ಎತ್ತರದ ಒಣ ಜಾಗವನ್ನು ಸೇರಿ ಕಾಯಿರಿ.

ಹಂತ 3: ಅನುಮತಿ, ತಂಡ, ಮತ್ತು ಹೊರಗೆ ಕಾಯುವ ಒಬ್ಬರು

ಕಾಡುಗುಹೆಯಾದರೆ ಭೂಮಿ ಯಾರದೆಂದು ವಿಚಾರಿಸಿ, ಅರಣ್ಯ ಇಲಾಖೆಯದಾಗಲಿ, ಖಾಸಗಿಯವರದಾಗಲಿ, ದೇವಾಲಯದ್ದಾಗಲಿ, ಒಪ್ಪಿಗೆ ಪಡೆದೇ ಹೋಗಿ. ಬಾವಲಿಗಳು ಮರಿ ಹಾಕುವ ಇಲ್ಲವೇ ಚಳಿನಿದ್ದೆ ಮಾಡುವ ತಿಂಗಳುಗಳಲ್ಲಿ ಹಲವು ಗುಹೆಗಳನ್ನು ಮುಚ್ಚುತ್ತಾರೆ. ಈ ನಿಯಮಕ್ಕೆ ರಿಯಾಯಿತಿ ಕೇಳಬೇಡಿ. ಒಳದಾರಿ ಬಲ್ಲ ಮಾರ್ಗದರ್ಶಿಯೊಬ್ಬರು ಜೊತೆಗಿರಲೇಬೇಕು.

ತಂಡದಲ್ಲಿ ಕನಿಷ್ಠ ನಾಲ್ವರಿರಲಿ. ಒಬ್ಬರಿಗೆ ಪೆಟ್ಟಾದರೆ ಇನ್ನೊಬ್ಬರು ಜೊತೆಗಿದ್ದು, ಉಳಿದಿಬ್ಬರು ಸಹಾಯ ತರಲು ಹೋಗಬಹುದು ಎಂಬುದು ಇದರ ಹಿಂದಿನ ಲೆಕ್ಕ. ಅಮೆರಿಕದ ಕೆಂಟಕಿಯಲ್ಲಿ ಫ್ಲಾಯ್ಡ್ ಕಾಲಿನ್ಸ್ ಎಂಬ ಅನುಭವಿ ಗುಹಾನ್ವೇಷಕ 1925ರ ಜನವರಿ 30ರಂದು ಒಬ್ಬನೇ ಇಕ್ಕಟ್ಟಾದ ಸುರಂಗಕ್ಕೆ ಇಳಿದ. ಜಾರಿದ ಕಲ್ಲೊಂದು ಅವನ ಕಾಲನ್ನು ಹಿಡಿದುಕೊಂಡಿತು. ಆ ಕಲ್ಲು ಬಂಡೆಯೇನಲ್ಲ, ಸುಮಾರು 12 ಕಿಲೋ ತೂಕದ್ದು. ಜೊತೆಯಲ್ಲಿ ಯಾರೂ ಇರಲಿಲ್ಲ. ಅವನಿರುವ ಜಾಗ ಮರುದಿನ ಪತ್ತೆಯಾದರೂ ಎರಡು ವಾರಕ್ಕೂ ಹೆಚ್ಚು ಕಾಲ ನಡೆದ ಪ್ರಯತ್ನ ಅವನನ್ನು ಉಳಿಸಲಿಲ್ಲ.

ನೆಲದಡಿಯಲ್ಲಿ ಮೊಬೈಲ್ ಸಿಗ್ನಲ್ ಇರುವುದಿಲ್ಲ. ಆದ್ದರಿಂದ ಹೊರಗೆ ಇರುವ ನಂಬಿಕಸ್ಥರೊಬ್ಬರಿಗೆ ಗುಹೆಯ ಹೆಸರು, ಯಾವ ಬಾಯಿಯಿಂದ ಒಳಹೋಗುತ್ತೀರಿ, ಎಷ್ಟು ಜನ, ಎಷ್ಟು ಗಂಟೆಗೆ ಹೊರಬರುತ್ತೀರಿ ಎಂಬುದನ್ನು ಬರೆದು ಕೊಡಿ. ಎಷ್ಟು ಗಂಟೆಯವರೆಗೆ ಸುದ್ದಿ ಬಾರದಿದ್ದರೆ ಅವರು ಯಾರಿಗೆ ಫೋನ್ ಮಾಡಬೇಕು ಎಂಬುದೂ ಅದರಲ್ಲಿರಬೇಕು. 'ಸಂಜೆಯೊಳಗೆ ಬರುತ್ತೇವೆ' ಎಂಬ ಮಾತು ಸಾಲದು. ಸಂಜೆ ಎಂದರೆ ಐದು ಗಂಟೆಯೋ ಎಂಟು ಗಂಟೆಯೋ ಎಂದು ಕಾಯುವವರು ಊಹಿಸುತ್ತ ಕೂರಬಾರದು.

ಹಂತ 4: ಬೆಳಕು ಮತ್ತು ಉಡುಪು

ಪ್ರತಿಯೊಬ್ಬರ ಬಳಿಯೂ ಒಂದರಿಂದ ಒಂದು ಬೇರೆಯಾದ ಮೂರು ದೀಪಗಳಿರಬೇಕು, ಅವುಗಳಲ್ಲಿ ಒಂದಾದರೂ ಹೆಲ್ಮೆಟ್ಟಿಗೆ ಸಿಕ್ಕಿಸುವ ಹೆಡ್‌ಲ್ಯಾಂಪ್ ಆಗಿರಬೇಕು. ಕೈಯಲ್ಲಿ ಹಿಡಿಯುವ ಟಾರ್ಚ್ ಮುಖ್ಯ ದೀಪವಾಗಲಾರದು, ಏಕೆಂದರೆ ಗುಹೆಯಲ್ಲಿ ಎರಡೂ ಕೈಗಳಿಗೆ ಕೆಲಸವಿರುತ್ತದೆ. ಫೋನಿನ ಬೆಳಕನ್ನು ದೀಪವೆಂದು ಎಣಿಸಲೇಬೇಡಿ. ಅದು ಒಂದು ಸಲ ಕೈಜಾರಿ ನೀರಿಗೆ ಬಿದ್ದರೆ ಕಥೆ ಮುಗಿಯಿತು. ಬ್ಯಾಟರಿಗಳನ್ನು ಹೊಸದಾಗಿ ಹಾಕಿ, ಬದಲಿ ಬ್ಯಾಟರಿಯನ್ನು ನೀರು ಸೋಕದ ಚೀಲದಲ್ಲಿಡಿ, ಮತ್ತು ಕತ್ತಲಲ್ಲಿ ಕಣ್ಣು ಮುಚ್ಚಿಕೊಂಡೇ ಬ್ಯಾಟರಿ ಬದಲಿಸುವುದನ್ನು ಮನೆಯಲ್ಲಿ ಅಭ್ಯಾಸ ಮಾಡಿ. ಹೆಲ್ಮೆಟ್ ಮೇಲಿನಿಂದ ಬೀಳುವ ಕಲ್ಲಿಗಿಂತ ಹೆಚ್ಚಾಗಿ ನಾವೇ ತಲೆಯೆತ್ತಿ ಚಾವಣಿಗೆ ಬಡಿಸಿಕೊಳ್ಳುವ ಪೆಟ್ಟಿಗೆ ಬೇಕಾಗುತ್ತದೆ. ಗದ್ದದ ಪಟ್ಟಿ ಇಲ್ಲದ ಹೆಲ್ಮೆಟ್ ತೊಟ್ಟೂ ತೊಡದಂತೆ.

ಗುಹೆಯ ಒಳಭಾಗದ ಉಷ್ಣತೆ ಹೆಚ್ಚುಕಡಿಮೆ ಆ ಪ್ರದೇಶದ ಇಡೀ ವರ್ಷದ ಸರಾಸರಿಯಷ್ಟೇ ಇರುತ್ತದೆ ಮತ್ತು ವರ್ಷವಿಡೀ ಅಷ್ಟಾಗಿ ಬದಲಾಗುವುದಿಲ್ಲ. ಪೊಸ್ಟೊಯ್ನಾದಲ್ಲಿ ಅದು ಸುಮಾರು 10 ಡಿಗ್ರಿ ಸೆಲ್ಸಿಯಸ್. ಎತ್ತರ ಹೆಚ್ಚಿದಂತೆ, ಪ್ರತಿ 1000 ಮೀಟರಿಗೆ ಸುಮಾರು 6 ಡಿಗ್ರಿಯಂತೆ ಗಾಳಿ ತಣ್ಣಗಾಗುವುದರಿಂದ, ಬಯಲಿನ ಗುಹೆ ಬೆಚ್ಚಗಿರುವ ಸೀಮೆಯಲ್ಲೇ ಬೆಟ್ಟದ ಮೇಲಿನ ಗುಹೆ ನಡುಕ ಹುಟ್ಟಿಸಬಹುದು. ಇನ್ನೊಂದು ತೊಡಕು ಬೆಟ್ಟದ ಗುಹೆಗೇ ವಿಶೇಷವಾದದ್ದು: ಬಿಸಿಲಿನಲ್ಲಿ ಏರು ಹತ್ತಿ ಬೆವರಿನಿಂದ ತೊಯ್ದ ಅಂಗಿಯಲ್ಲೇ ತಣ್ಣನೆಯ ಒಳಾವರಣಕ್ಕೆ ಇಳಿಯುತ್ತೇವೆ. ಹತ್ತಿ ಬಟ್ಟೆ ಒದ್ದೆಯಾದರೆ ಬೇಗ ಒಣಗದೆ ಮೈಯ ಶಾಖವನ್ನು ಎಳೆಯುತ್ತಲೇ ಇರುತ್ತದೆ. ಆದ್ದರಿಂದ ಹತ್ತುವಾಗ ಒಂದು ಅಂಗಿ, ಗುಹೆಯ ಬಾಯಲ್ಲಿ ಬದಲಿಸಲು ಒಣಗಿದ ಇನ್ನೊಂದು ಎಂದು ಎರಡು ಒಯ್ಯಿರಿ. ಒಳಗೆ ತೊಡುವುದು ಉಣ್ಣೆಯದೋ ಪಾಲಿಯೆಸ್ಟರಿನದೋ ಆಗಿರಲಿ. ಹಿಡಿತವಿರುವ ರಬ್ಬರ್ ಅಟ್ಟೆಯ, ಹರಡುಗಂಟನ್ನು ಮುಚ್ಚುವ ಬೂಟು, ಕೈಗವಸು, ತೆವಳುವ ದಾರಿಯಿದ್ದರೆ ಮಂಡಿಗೆ ಕಟ್ಟುವ ಪ್ಯಾಡ್ ಬೇಕು. ಕುಡಿಯುವ ನೀರು, ಪುಡಿ ಉದುರದ ತಿನಿಸು, ಪ್ರಥಮ ಚಿಕಿತ್ಸೆಯ ಸಾಮಗ್ರಿ, ಒಂದು ಸೀಟಿ, ಮೈಗೆ ಸುತ್ತಿಕೊಳ್ಳುವ ಶಾಖರಕ್ಷಕ ಹಾಳೆ ಇವಿಷ್ಟೂ ಚಿಕ್ಕ ಚೀಲದಲ್ಲಿ ಹಿಡಿಸುತ್ತವೆ.

ಪ್ರವಾಸಿ ಗುಹೆಗೆ ಹೋಗುವವರಿಗೆ ಇದೆಲ್ಲ ಬೇಡ. ಜಾರದ ಪಾದರಕ್ಷೆ, ತೆಳುವಾದ ಒಂದು ಹೊದಿಕೆಯಂಗಿ ಮತ್ತು ವಿದ್ಯುತ್ ಹೋದರೆ ಕೈಗೆ ಸಿಗುವಂತೆ ಒಂದು ಟಾರ್ಚ್ ಸಾಕು.

ಹಂತ 5: ಗುಹೆಯ ಬಾಯಲ್ಲಿ ಸ್ವಲ್ಪ ನಿಲ್ಲಿ

ನೇರವಾಗಿ ನುಗ್ಗಬೇಡಿ. ಹಾವು, ಜೇನು, ಕಣಜಗಳು ನೆಲೆಸುವುದು ಒಳಗಿನ ಕತ್ತಲಿನಲ್ಲಿ ಅಲ್ಲ, ಮಬ್ಬು ಬೆಳಕಿರುವ ಈ ಬಾಯಿಯ ಭಾಗದಲ್ಲೇ ಹೆಚ್ಚು. ಕೈಯಿಡುವ ಮುನ್ನ ಕಲ್ಲಿನ ಸಂದುಗಳ ಮೇಲೆ ಬೆಳಕು ಹಾಯಿಸಿ. ಬೇಸಿಗೆಯಲ್ಲಿ ಕೆಳಗಿನ ಬಾಯಿಯಿಂದ ತಣ್ಣನೆಯ ಗಾಳಿ ಮುಖಕ್ಕೆ ಹೊಡೆದರೆ ಗುಹೆಗೆ ಮೇಲೆಲ್ಲೋ ಇನ್ನೊಂದು ಕಂಡಿಯಿದೆ ಎಂದು ಊಹಿಸಬಹುದು. ಒಳಗಿನ ತಂಪು ಗಾಳಿ ಭಾರವಾದುದರಿಂದ ಕೆಳಗಿನ ಬಾಯಿಯಿಂದ ಹೊರಬೀಳುತ್ತದೆ, ಚಳಿಗಾಲದಲ್ಲಿ ಗಾಳಿಯ ದಿಕ್ಕು ತಿರುಗುತ್ತದೆ. ಕಣ್ಣು ಕತ್ತಲಿಗೆ ಪೂರ್ತಿ ಹೊಂದಿಕೊಳ್ಳಲು ಅರ್ಧ ಗಂಟೆ ಹಿಡಿಯಬಹುದು. ಮೊದಲ ಕೆಲವು ನಿಮಿಷ ನಿಧಾನವಾಗಿ ನಡೆದರೂ ಎಡವುವುದು ತಪ್ಪುತ್ತದೆ.

ಹಂತ 6: ಒಳಗಿನ ನಡಿಗೆ

ಎರಡು ಕೈ, ಎರಡು ಕಾಲು, ಈ ನಾಲ್ಕರಲ್ಲಿ ಮೂರು ಯಾವಾಗಲೂ ಭದ್ರವಾದ ಆಧಾರದ ಮೇಲಿದ್ದು ಒಂದು ಮಾತ್ರ ಚಲಿಸಲಿ. ಒದ್ದೆಯಾದ ಜೇಡಿಮಣ್ಣು ಮೆತ್ತಿದ ಸುಣ್ಣಕಲ್ಲು ಸಾಬೂನಿನಂತೆ ಜಾರುತ್ತದೆ. ಜಿಗಿಯಬೇಡಿ, ಗುಹೆಯಲ್ಲಿ ಉಳುಕಿದ ಹರಡುಗಂಟು ಇಡೀ ತಂಡವನ್ನು ತಾಸುಗಟ್ಟಲೆ ತಡೆದು ನಿಲ್ಲಿಸುತ್ತದೆ. ಚಾವಣಿಯಿಂದ ಕಳಚಿ ಬಿದ್ದ ಬಂಡೆಗಳ ರಾಶಿ ಸಿಕ್ಕಾಗ ಭಾರ ಹಾಕುವ ಮೊದಲು ಕೈಯಿಂದ ಅಲುಗಾಡಿಸಿ ನೋಡಿ, ಹಿಂದಿರುವವರು ನೇರ ಕೆಳಗೆ ನಿಲ್ಲದಂತೆ ನೋಡಿಕೊಳ್ಳಿ.

ದಾರಿ ತಪ್ಪುವುದು ಸಾಮಾನ್ಯವಾಗಿ ಹಿಂದಿರುಗುವಾಗ. ಹೋಗುವಾಗ ಎದುರಿಗೆ ಒಂದೇ ಸುರಂಗ ಕಂಡ ಜಾಗ, ಬರುವಾಗ ಕವಲೊಡೆದಂತೆ ಕಾಣುತ್ತದೆ, ಏಕೆಂದರೆ ಪಕ್ಕದಿಂದ ಬಂದು ಸೇರಿದ ದಾರಿ ಆಗ ನಮ್ಮ ಬೆನ್ನಿಗಿತ್ತು. ಆದ್ದರಿಂದ ಪ್ರತಿ ಕೂಡುದಾರಿಯಲ್ಲೂ ತಿರುಗಿ ನಿಂತು, ಬಂದ ದಾರಿಯ ನೋಟವನ್ನು ತಂಡದ ಪ್ರತಿಯೊಬ್ಬರೂ ಮನಸ್ಸಿನಲ್ಲಿಟ್ಟುಕೊಳ್ಳಿ, ಅಲ್ಲಿಂದ ಒಂದು ಚಿತ್ರ ತೆಗೆಯಿರಿ. ಬಣ್ಣದ ಬಾಣ ಬರೆಯುವುದು ಬೇಡ. ಬರುವಾಗ ಬಿಚ್ಚಿಕೊಂಡು ಬರಬಹುದಾದ ಪ್ರತಿಫಲಿಸುವ ಟೇಪಿನ ತುಂಡು ಇಟ್ಟರೆ ಸಾಕು. ಇಕ್ಕಟ್ಟಾದ ಜಾಗದಲ್ಲಿ ಚೀಲವನ್ನು ಬೆನ್ನಿನಿಂದ ತೆಗೆದು ಮುಂದೆ ತಳ್ಳಿ, ಉಸಿರು ಬಿಟ್ಟು ಎದೆ ಕುಗ್ಗಿದಾಗ ಸರಿಯಿರಿ. ಕೆಳಮುಖವಾದ ಇಕ್ಕಟ್ಟಿಗೆ ತಲೆಯಿಟ್ಟು ಎಂದೂ ಇಳಿಯಬೇಡಿ, ತಲೆಕೆಳಗಾಗಿ ಸಿಕ್ಕಿಕೊಂಡ ದೇಹವನ್ನು ಹಿಂದೆಳೆಯುವುದು ಬಹಳ ಕಷ್ಟ. ಭಯವಾಗುತ್ತಿದೆ ಎಂದು ಯಾರೇ ಹೇಳಿದರೂ ಅಲ್ಲಿಂದಲೇ ಎಲ್ಲರೂ ಹಿಂದಿರುಗಬೇಕೆಂಬುದನ್ನು ಹೊರಗೇ ಒಪ್ಪಿಕೊಂಡಿರಿ. ಒಳಗೆ ಹುರಿದುಂಬಿಸುವ ಮಾತು ಒಳ್ಳೆಯದನ್ನು ಮಾಡುವುದು ಅಪರೂಪ.

ಸಮಯದ ಮೂರನೇ ಒಂದು ಭಾಗವನ್ನಷ್ಟೇ ಒಳಹೋಗಲು ಬಳಸಿ, ಒಂದು ಭಾಗ ಮರಳಲು, ಒಂದು ಭಾಗ ಮೀಸಲು. ಬೆಳಕಿನ ಲೆಕ್ಕವೂ ಹೀಗೇ.

ಹಂತ 7: ನೋಡಿ, ಮುಟ್ಟಬೇಡಿ

ಚಾವಣಿಯಿಂದ ಇಳಿಬಿದ್ದ ಸ್ಟಾಲಕ್ಟೈಟ್, ನೆಲದಿಂದ ಮೇಲೇಳುವ ಸ್ಟಾಲಗ್ಮೈಟ್, ಇವೆರಡೂ ಕೂಡಿದ ಕಂಬ, ಪರದೆಯಂತೆ ಮಡಿಕೆ ಬಿದ್ದ ಕಲ್ಲು, ಇವನ್ನು ತೋರಿಸುತ್ತ ಮಾರ್ಗದರ್ಶಿಗಳು ಆನೆ, ಸಿಂಹ, ಜಟಾಧಾರಿ ಮುನಿ ಎಂದು ಹೆಸರಿಡುತ್ತಾರೆ. ಕೇಳಲು ಸೊಗಸೇ, ಆದರೆ ಆ ಆಟ ಮುಗಿದ ಬಳಿಕ ಒಂದು ತೆಳ್ಳಗಿನ ಕೊಳವೆಯ ಎದುರು ಎರಡು ನಿಮಿಷ ನಿಲ್ಲಿ. ಅರ್ಧ ಸೆಂಟಿಮೀಟರ್ ದಪ್ಪದ, ಒಳಗೆ ಟೊಳ್ಳಾದ ಕಲ್ಲಿನ ಕೊಳವೆಯ ತುದಿಯಲ್ಲಿ ಒಂದು ಹನಿ ತೂಗುತ್ತಿರುತ್ತದೆ. ಬಂಡೆಯೊಳಗಿಂದ ಬಂದ ಆ ಹನಿ ಗುಹೆಯ ಗಾಳಿಗೆ ಕಾರ್ಬನ್ ಡೈಆಕ್ಸೈಡನ್ನು ಬಿಟ್ಟುಕೊಡುತ್ತದೆ; ಬಿಟ್ಟುಕೊಟ್ಟಷ್ಟೂ ಕ್ಯಾಲ್ಸೈಟನ್ನು (ಕ್ಯಾಲ್ಸಿಯಂ ಕಾರ್ಬೊನೇಟಿನ ಹರಳು ರೂಪ) ಹಿಡಿದಿಟ್ಟುಕೊಳ್ಳುವ ಶಕ್ತಿ ಅದಕ್ಕೆ ಕಡಿಮೆಯಾಗುತ್ತದೆ. ಹನಿಯ ಅಂಚು ಕಲ್ಲನ್ನು ತಾಕುವ ಕಡೆ ಕಣ್ಣಿಗೆ ಕಾಣದಷ್ಟು ತೆಳುವಾದ ಉಂಗುರ ಉಳಿಯುತ್ತದೆ, ಹನಿ ಬೀಳುತ್ತದೆ, ಇನ್ನೊಂದು ಕೂಡುತ್ತದೆ. ನೀರಿನ ಒಸರು, ಉಷ್ಣತೆ, ಮೇಲಿನ ಮಣ್ಣಿಗೆ ತಕ್ಕಂತೆ ವೇಗ ಬೇರೆಬೇರೆ. ಎಷ್ಟೋ ಕಡೆ ವರ್ಷದ ಬೆಳವಣಿಗೆ ಒಂದು ಮಿಲಿಮೀಟರಿನ ಹತ್ತನೇ ಒಂದು ಭಾಗವಷ್ಟೇ. ಕೈತಾಕಿ ಮುರಿದ ಗೇಣುದ್ದದ ಕೊಳವೆ ಮತ್ತೆ ಅಷ್ಟಾಗಲು ಸಾವಿರ ವರ್ಷಕ್ಕೂ ಹೆಚ್ಚು ಬೇಕಾದೀತು.

ಮುರಿಯುವುದಷ್ಟೇ ಹಾನಿಯಲ್ಲ. ಬೆರಳಿನ ಎಣ್ಣೆಯಂಶ ಕಲ್ಲಿನ ಮೇಲೆ ಉಳಿದರೆ ಅಲ್ಲಿ ನೀರು ಮೊದಲಿನಂತೆ ಹರಡದೆ ಹೊಸ ಕ್ಯಾಲ್ಸೈಟ್ ಕೂರುವುದಕ್ಕೆ ಅಡ್ಡಿಯಾಗುತ್ತದೆ. ಎಲ್ಲರೂ ಮುಟ್ಟುವ ಕಂಬ ಕಪ್ಪಾಗಿ ಮಿರುಗುವುದು ಇದರಿಂದಲೇ. ಬಟ್ಟೆಯ ಎಳೆ, ಕೂದಲು, ಚರ್ಮದ ಹೊಟ್ಟು ಸಹ ಗುಹೆಯಲ್ಲಿ ಶೇಖರವಾಗುತ್ತವೆ, ಅಮೆರಿಕದ ಕಾರ್ಲ್ಸ್‌ಬ್ಯಾಡ್ ಗುಹೆಯಲ್ಲಿ ಸ್ವಯಂಸೇವಕರು ಕುಂಚ ಹಿಡಿದು ಅವನ್ನು ತೆಗೆಯುತ್ತಾರೆ. ಉಸಿರು ಕೂಡ ಕೆಡಿಸಬಲ್ಲದು: ಫ್ರಾನ್ಸಿನ ಲಾಸ್ಕೋ ಗುಹೆಯ ಪ್ರಾಚೀನ ವರ್ಣಚಿತ್ರಗಳು ಸಂದರ್ಶಕರ ಉಸಿರಿನ ತೇವ, ಕಾರ್ಬನ್ ಡೈಆಕ್ಸೈಡ್ ಮತ್ತು ದೀಪಗಳಿಂದ ಬೆಳೆದ ಪಾಚಿಗೆ ಸಿಕ್ಕಿ ಹಾಳಾಗತೊಡಗಿದ್ದರಿಂದ, ಪತ್ತೆಯಾದ 23 ವರ್ಷಕ್ಕೆ, 1963ರಲ್ಲಿ ಅದನ್ನು ಸಾರ್ವಜನಿಕರಿಗೆ ಮುಚ್ಚಲಾಯಿತು. ಹೆಸರು ಕೆತ್ತುವವರ ಬಗ್ಗೆ ಇಲ್ಲಿ ಹೇಳಿ ಪ್ರಯೋಜನವಿಲ್ಲ, ಅವರು ಇಂಥ ಬರಹಗಳನ್ನು ಓದುವುದಿಲ್ಲ.

ಆಹಾರದ ಚೂರು, ಕಾಗದ, ಮೂತ್ರ ಸಹಿತ ಒಳಗೆ ಒಯ್ದ ಎಲ್ಲವೂ ಹೊರಗೆ ಬರಬೇಕು. ಗುಹೆಯ ನೀರು ಮಣ್ಣಿನಲ್ಲಿ ಸೋಸಿಹೋಗದೆ ನೇರವಾಗಿ ಕೆಳಗಿನ ಬುಗ್ಗೆಗೆ ಸೇರುವುದರಿಂದ, ಒಳಗೆ ಬಿಟ್ಟದ್ದು ಯಾರದೋ ಕುಡಿಯುವ ನೀರನ್ನು ಸೇರುತ್ತದೆ.

ಹಂತ 8: ಗಾಳಿ ಮತ್ತು ಬಾವಲಿ

ಹೊರಗಿನ ಗಾಳಿಯಲ್ಲಿ ಕಾರ್ಬನ್ ಡೈಆಕ್ಸೈಡ್ ಶೇಕಡಾ 0.04ರಷ್ಟು. ಗಾಳಿಯಾಡದ ತಗ್ಗಿನ ಕೋಣೆಗಳಲ್ಲಿ, ಮುಖ್ಯವಾಗಿ ಸಾವಯವ ವಸ್ತು ಕೊಳೆಯುವ ಕಡೆ, ಅದು ಇದರ ಹಲವು ಪಟ್ಟು ಕೂಡಿಕೊಂಡಿರಬಹುದು. ಶ್ರಮವಿಲ್ಲದೆ ಏದುಸಿರು, ತಲೆನೋವು, ಮೈಬೆವರು, ಕಾರಣವಿಲ್ಲದ ಗಾಬರಿ ಇವು ಅದರ ಲಕ್ಷಣಗಳು. ಇವುಗಳಲ್ಲಿ ಒಂದು ಕಂಡರೂ ತಗ್ಗಿನಿಂದ ಮೇಲೆ ಬಂದು ಬಂದ ದಾರಿಯಲ್ಲೇ ಹೊರಡಿ. ಕಡ್ಡಿ ಗೀರಿ ಪರೀಕ್ಷಿಸುವ ಹಳೆಯ ಪದ್ಧತಿಯನ್ನು ನಂಬಬೇಡಿ. ಜ್ವಾಲೆ ಮುಖ್ಯವಾಗಿ ತೋರಿಸುವುದು ಆಮ್ಲಜನಕದ ಕೊರತೆಯನ್ನು, ಕಾರ್ಬನ್ ಡೈಆಕ್ಸೈಡ್ ಅಪಾಯದ ಮಟ್ಟದಲ್ಲಿದ್ದರೂ ಅದು ಉರಿಯುತ್ತಿರಬಹುದು.

ಬಾವಲಿಗಳ ಮೇಲೆ ಬೆಳಕು ಹಾಯಿಸಬೇಡಿ, ಅವುಗಳಡಿಯಲ್ಲಿ ನಿಂತು ಮಾತಾಡಬೇಡಿ, ಕೈಯಿಂದ ಹಿಡಿಯುವುದಂತೂ ಕೂಡದು. ಚಳಿನಿದ್ದೆಯಿಂದ ಎಚ್ಚೆತ್ತ ಬಾವಲಿ, ಚಳಿಗಾಲ ಮುಗಿಯುವವರೆಗೆ ಬೇಕಾದ ಕೊಬ್ಬನ್ನು ಸುಮ್ಮನೆ ಸುಟ್ಟುಕೊಳ್ಳುತ್ತದೆ. ಉತ್ತರ ಅಮೆರಿಕದಲ್ಲಿ 2006ರಲ್ಲಿ ನ್ಯೂಯಾರ್ಕ್ ರಾಜ್ಯದ ಗುಹೆಯೊಂದರಲ್ಲಿ ಮೊದಲು ಕಂಡ 'ಬಿಳಿಮೂಗು' ಶಿಲೀಂಧ್ರ ರೋಗ ಲಕ್ಷಾಂತರ ಬಾವಲಿಗಳನ್ನು ಕೊಂದಿದೆ, ಮತ್ತು ಆ ಶಿಲೀಂಧ್ರ ಮನುಷ್ಯರ ಬಟ್ಟೆ, ಬೂಟುಗಳಿಗಂಟಿಯೂ ಗುಹೆಯಿಂದ ಗುಹೆಗೆ ಸಾಗಬಲ್ಲದು.

ಹಂತ 9: ಹೊರಬಂದ ಮೇಲೆ

ಮೊದಲ ಕೆಲಸ, ಸುದ್ದಿಗಾಗಿ ಕಾಯುತ್ತಿರುವವರಿಗೆ ಫೋನ್ ಮಾಡುವುದು. ಬೆಟ್ಟ ಇಳಿದ ಮೇಲೆ ಮಾಡೋಣವೆಂದು ಮರೆತು, ಸುರಕ್ಷಿತವಾಗಿರುವವರನ್ನು ಹುಡುಕಲು ರಕ್ಷಣಾ ತಂಡ ಹೊರಡುವಂತಾಗಬಾರದು. ಒದ್ದೆ ಬಟ್ಟೆ ಬದಲಿಸಿ. ಕೆಸರನ್ನು ಅಲ್ಲೇ ಕೆರೆದು ತೆಗೆದು, ಮನೆಗೆ ಬಂದ ಬಳಿಕ ಬಟ್ಟೆ ಮತ್ತು ಸಲಕರಣೆಗಳನ್ನು ತೊಳೆದು, ಬಿಸಿ ತಡೆಯುವಂಥವನ್ನು ಕನಿಷ್ಠ 55 ಡಿಗ್ರಿ ಸೆಲ್ಸಿಯಸ್ ಬಿಸಿನೀರಿನಲ್ಲಿ 20 ನಿಮಿಷ ಮುಳುಗಿಸಿಡಿ. ಮುಂದಿನ ಗುಹೆಗೆ ಹೋಗುವ ಮುನ್ನ ಇದಾಗಿರಲೇಬೇಕು. ಕಾಡುಗುಹೆಯ ಚಿತ್ರಗಳನ್ನು ಹಂಚಿಕೊಳ್ಳುವಾಗ ಸ್ಥಳದ ಗುರುತನ್ನು ತೆಗೆದುಹಾಕಿ.

ಬಾವಲಿ ಹಿಕ್ಕೆಯ ಒಣಪುಡಿ ಎದ್ದ ಜಾಗದಲ್ಲಿ ಓಡಾಡಿದ್ದರೆ ಮುಂದಿನ ಎರಡೂವರೆ ವಾರ ಮೈಮೇಲೆ ಎಚ್ಚರವಿರಲಿ. ಅದರಲ್ಲಿರಬಹುದಾದ ಹಿಸ್ಟೊಪ್ಲಾಸ್ಮಾ ಎಂಬ ಶಿಲೀಂಧ್ರ ಉಸಿರಿನೊಂದಿಗೆ ಒಳಸೇರಿದ್ದರೆ ಸಾಮಾನ್ಯವಾಗಿ 3ರಿಂದ 17 ದಿನಗಳೊಳಗೆ ಜ್ವರ, ಕೆಮ್ಮು, ಎದೆನೋವು, ಸುಸ್ತು ಕಾಣಿಸಿಕೊಳ್ಳುತ್ತವೆ, ಮತ್ತು ನೋಡಿದವರಿಗೆ ಅದು ಮಾಮೂಲಿ ಫ್ಲೂ ಇಲ್ಲವೇ ನ್ಯುಮೋನಿಯದಂತೆಯೇ ತೋರುತ್ತದೆ. ವೈದ್ಯರ ಬಳಿ ಹೋದಾಗ ಯಾವ ದಿನ, ಯಾವ ಗುಹೆಗೆ ಹೋಗಿದ್ದಿರಿ, ಅಲ್ಲಿ ಬಾವಲಿಗಳಿದ್ದವೇ ಎಂಬುದನ್ನು ಅವರು ಕೇಳುವ ಮೊದಲೇ ತಿಳಿಸಿ. ಬಾವಲಿ ಕಚ್ಚಿದ್ದರೆ ಅಥವಾ ಪರಚಿದ್ದರೆ ಇಷ್ಟು ದಿನ ಕಾಯುವಂತಿಲ್ಲ. ಗಾಯವನ್ನು ಕೂಡಲೇ ಸಾಬೂನು ಹಾಕಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು, ರೇಬಿಸ್ ಲಸಿಕೆಗಾಗಿ ಅದೇ ದಿನ ಆಸ್ಪತ್ರೆಗೆ ಹೋಗಿ.